ಮೂರನೆಯ ಮೊಳೆ

ಎರ್ಮೀಲೊ ತಾತ ಶಿಲುಬೆಗೆ ಎರಡೇ ಮೊಳೆ ಇಡುತ್ತಿದ್ದ.
ಬೇಕಾದರೆ ಎಣಿಸಿ. ಸಾನ್ ಕ್ರಿಸ್ತೋಬಲಿನ ಸೆರ್ರೀಯೊ ಕೇರಿಯಲ್ಲಿ
ಹನ್ನೊಂದು ಮನೆಗಳ ನೆತ್ತಿಯ ಮೇಲೆ ಇನ್ನೂ ನಿಂತಿವೆ,
ತುಕ್ಕು ಹಿಡಿದು, ಹೆಂಚಿಗೂ ತಮಗೂ ಬಣ್ಣದ ಭೇದವಿಲ್ಲದೆ.

ಅಡ್ಡಪಟ್ಟಿಯ ಮೇಲೆ ಬೆರಳುದ್ದದ ಏಣಿ,
ಈಟಿ, ಜೂಜಿನ ದಾಳ, ಪೇತ್ರನನ್ನು ನಾಚಿಸಿದ ಹುಂಜ,
ಒಂದು ತುದಿಗೆ ಸೂರ್ಯ, ಇನ್ನೊಂದಕ್ಕೆ
ಹಲ್ಲುನೋವು ಬಂದವನಂಥ ಚಂದ್ರ.
ಸುತ್ತಿಗೆ ಮತ್ತು ಇಕ್ಕಳ ಮಾತ್ರ
ನೋಡಿ ಕಲಿತು ಮಾಡಿದ್ದಲ್ಲ,
ಅವನ ಕೈಯಲ್ಲಿದ್ದವೇ ಮರಿ ಹಾಕಿದ್ದು.

ದೇವರ ಮಗನನ್ನು ಬಡಿದದ್ದೂ ನಮ್ಮ ಕಸುಬಿನ ಸುತ್ತಿಗೆ,
ಇಳಿಸಿದ್ದೂ ನಮ್ಮ ಇಕ್ಕಳ, ಎನ್ನುತ್ತಿದ್ದ
ಪೋಶ್ ಕುಡಿದ ದಿನ.
ಕುಡಿಯದ ದಿನ ಮಾತೇ ಇಲ್ಲ.

ನಾನು ತಿದಿ ಒತ್ತುತ್ತಿದ್ದೆ. ಆಗ ಎಂಟು ವರ್ಷ.
ಕೂದಲಿಗೆ ಹತ್ತಿದ ಇದ್ದಿಲ ವಾಸನೆಗೆ ಹೆದರದೆ
ಶಾಲೆಯಲ್ಲಿ ಪಕ್ಕ ಕೂರುತ್ತಿದ್ದವಳು ಪೆತ್ರೋನಿಲಾ ಒಬ್ಬಳೇ,
ಅವಳಪ್ಪ ಚರ್ಮ ಹದ ಮಾಡುವವ.

ಒಂದು ದಿನ ಕೇಳಿದೆ: ತಾತಾ, ಈ ಕೈಗೊಂದು, ಆ ಕೈಗೊಂದು,
ಕಾಲಿಗೆ?
ಕಾದ ಕಬ್ಬಿಣವನ್ನು ನೀರಿಗಿಳಿಸಿದ. ಚುಂಯ್ ಎಂದಿತು.
ಅದು ತಣಿದರೂ ಉತ್ತರ ಬರಲಿಲ್ಲ.

ಮೇ ಮೂರರಂದು ಜೊತೆಗೆ ಕರಕೊಂಡು ಹೋದ.
ಗಾರೆಯವರ ಹಬ್ಬ. ಪಟಾಕಿ, ಕಾಗದದ ಹೂವು,
ಹೊಸ ಮನೆಯ ಯಜಮಾನಿ ಕೆಳಗೆ ನಿಂತು
ಹುಷಾರು, ಹುಷಾರು ಎನ್ನುತ್ತಿದ್ದಳು,
ಚಿಂತೆ ತಾತನದಲ್ಲ, ಹೆಂಚಿನದು.
ಕುದುರೆ ಹತ್ತಿದವನ ಹಾಗೆ ಮಾಡಿನ ಏಣಿನ ಮೇಲೆ ಕೂತು
ಅವನು ಅಂಗಿಯೊಳಗಿಂದ ತೆಗೆದ:
ಗೇಣುದ್ದದ್ದು, ನಾಲ್ಕು ಮುಖದ್ದು, ಯಾವ ಚಂದವೂ ಇಲ್ಲದ್ದು.
ಶಿಲುಬೆಯ ಪಾದದಿಂದ ಹಾಯಿಸಿ ತೊಲೆಯೊಳಕ್ಕೆ ಇಳಿಸಿದ.
ಮೂರೇ ಏಟು.
'ಒಂದನ್ನು ಮನೆ ಹೊರಲಿ,' ಅಂದ.

ಈಗ ನಾನು ಕಿಟಕಿಗೆ ಸರಳು ಬೆಸೆಯುತ್ತೇನೆ,
ಗೇಟು ಮಾಡುತ್ತೇನೆ, ನೀರಿನ ಟ್ಯಾಂಕಿಗೆ ಸ್ಟ್ಯಾಂಡು.
ತಾರಸಿಗೆ ನೆತ್ತಿಯಿಲ್ಲ, ಶಿಲುಬೆ ಎಲ್ಲಿ ನಿಲ್ಲಬೇಕು?
ಅಲ್ಲಿ ಕಪ್ಪು ಟ್ಯಾಂಕು ಕೂತಿದೆ, ಗುಂಡಗೆ, ಉಂಡವನ ಹಾಗೆ.
ಮೂಲೆ ಅಂಗಡಿಗೆ ತಗಡಿನ ಶಿಲುಬೆ ಬಂದಿವೆ,
ಯಂತ್ರ ಕತ್ತರಿಸಿದ್ದು, ಡಜನ್ ಲೆಕ್ಕ,
ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದ ಹಾಗೆ.
ನನಗೇನೂ ಸಿಟ್ಟಿಲ್ಲ.
ಮಗಳ ಕೋಣೆಗೆ ನಾನೇ ಒಂದು ಕೊಂಡೆ. ಹಗುರ ಇದೆ.

ಹೋದ ವಾರ ಹೋಟೆಲಿನವನೊಬ್ಬ ಕರೆಸಿದ್ದ.
ಗೋಡೆಯ ತುಂಬ ಶಿಲುಬೆ, ಒಂದೊಂದಕ್ಕೂ ಪುಟ್ಟ ದೀಪ,
ಕೆಳಗೆ ಉಪ್ಪಿನ ಡಬ್ಬಿ, ಮೆನು ಕಾರ್ಡು.
ಎಲ್ಲದರಲ್ಲೂ ಒಂದೊಂದು ಮೊಳೆ ಕಳೆದಿದೆ,
ಮಾಡಿಕೊಡುತ್ತೀಯಾ, ಹಳೆಯದರ ಹಾಗೇ ಕಾಣಬೇಕು, ಅಂದ.
ರೇಟು ಒಳ್ಳೆಯದನ್ನೇ ಹೇಳಿದ.
ಅವನ ಕಾಫಿ ಪೂರ್ತಿ ಕುಡಿದೆ.
ಕಳೆದಿಲ್ಲ, ಅಂದೆ. ಎದ್ದು ಬಂದೆ.

ಕಿತ್ತ ತೊಲೆಗಳೆಲ್ಲ ಹೋಗುವುದು
ತ್ರಾನ್ಸಿತೊ ಎಂಬಾಕೆಯ ರೊಟ್ಟಿಯ ಭಟ್ಟಿಗೆ.
ನೂರು ವರ್ಷ ಬಿಸಿಲು ಕುಡಿದು ಒಣಗಿದ ಮರ,
ಹೊಗೆ ಕಡಿಮೆ, ರೊಟ್ಟಿಗೆ ಒಳ್ಳೇ ಬಣ್ಣ.
ಬೆಳಗಿನ ಜಾವ ಬೂದಿ ಎಳೆಯುವಾಗ ಸಲಿಕೆಗೆ
ಠಣ್ಣನೆ ಏನೋ ತಾಗುತ್ತದೆ.
ಬೈಯುತ್ತಾಳೆ, ಹೆಕ್ಕಿ ಹಾಲಿನಪುಡಿ ಡಬ್ಬಿಗೆ ಎಸೆಯುತ್ತಾಳೆ,
ನಾನು ಹೋದಾಗ ರೊಟ್ಟಿಯ ಪಕ್ಕಕ್ಕೇ ಸುರಿಯುತ್ತಾಳೆ:
ತಗೋ, ನಿನ್ನ ತಾತನ ಹಲ್ಲು.

ಈ ವರ್ಷ ಏಳು.
ಮತ್ತೊಮ್ಮೆ ಬೆಂಕಿ ಕಂಡು ಬಂದು ಮೆದುವಾಗಿವೆ,
ಸುತ್ತಿಗೆ ಹೇಳಿದ್ದು ಕೇಳುವಷ್ಟು.
ನಿನ್ನೆ ರಾತ್ರಿ ವೆಲ್ಡಿಂಗಿನ ಪ್ಲಗ್ಗು ಕಿತ್ತು
ಕುಲುಮೆ ಹಚ್ಚಿದೆ. ಏಳನ್ನೂ ಕೂಡಿಸಿ ಬಡಿದೆ.
ಕಂಬವಾಯಿತು. ಅಡ್ಡಪಟ್ಟಿಯಾಯಿತು.
ಏಣಿಗೆ ಎರಡು ಮೆಟ್ಟಿಲು.

ಹುಂಜಕ್ಕೆ ಇನ್ನೊಂದು ಮನೆ ಬೀಳಬೇಕು.
ನನಗೆ ಅವಸರವಿಲ್ಲ.